ಆರನೆಯ ಮಗನಿಗಾಗಿ ಒಂದು ಕಾಗದ

ಕಳೆದ ಭಾನುವಾರ ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆ. ಒಂಬತ್ತನೇ ಕ್ಲಾಸಿನ ದೊಡ್ಡ ಮೊಮ್ಮಗ ಬಂದು ಪಕ್ಕದಲ್ಲಿ ಕೂತ. ಅವನ ಅಪ್ಪನ ಜೊತೆ ಟಿವಿಯಲ್ಲಿ ಒಂದು ಇಂಗ್ಲಿಷ್ ಸಿನಿಮಾ ನೋಡಿದ್ದನಂತೆ. ಅಣ್ಣಂದಿರೆಲ್ಲ ಯುದ್ಧದಲ್ಲಿ ಸತ್ತುಹೋಗಿ, ಉಳಿದ ಒಬ್ಬನೇ ಒಬ್ಬನನ್ನು ಹುಡುಕಿ ತಾಯಿಯ ಹತ್ತಿರ ಕಳಿಸಲು ಸೈನಿಕರ ತಂಡವೊಂದು ಹೊರಡುವ ಕತೆ.

"ತಾತ, ನಿಜವಾಗಿ ಹೀಗೆಲ್ಲ ಆಗುತ್ತಾ? ಒಂದು ಮನೆಯ ಒಬ್ಬ ಹುಡುಗನಿಗಾಗಿ ಸರ್ಕಾರ ಇಷ್ಟೆಲ್ಲ ಮಾಡುತ್ತಾ?" ಅಂತ ಕೇಳಿದ.

"ನೀನು ನೋಡಿದ್ದು ಅಮೆರಿಕದವರ ಕತೆ, ಎರಡನೇ ಮಹಾಯುದ್ಧದ್ದು. ಅದಕ್ಕೂ ಹಿಂದೆ, ಮೊದಲನೇ ಮಹಾಯುದ್ಧದಲ್ಲಿ, ಇಂಗ್ಲೆಂಡಿನ ಒಂದು ಬಡವರ ಮನೆಯಲ್ಲಿ ಅಂಥದ್ದೇ ಒಂದು ಸಂಗತಿ ನಡೆಯಿತು. ಆದರೆ ಅಲ್ಲಿ ಬಂದೂಕು ಹಿಡಿದ ತಂಡ ಹೋಗಲಿಲ್ಲ. ಒಂದು ಕಾಗದ ಹೋಯಿತು" ಅಂದೆ.

ಅಷ್ಟು ಹೇಳಿದ ಮೇಲೆ ಕತೆ ಪೂರ್ತಿ ಹೇಳದೆ ಬಿಡುತ್ತಾನೆಯೇ! ಅವನಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ.

ಇಂಗ್ಲೆಂಡಿನ ಉತ್ತರಕ್ಕೆ ಡರ್ಹಾಮ್ ಎಂಬ ಜಿಲ್ಲೆ ಇದೆ. ಕಲ್ಲಿದ್ದಲ ಗಣಿಗಳಿಗೆ ಹೆಸರಾದ ಸೀಮೆ. ಅಲ್ಲಿ ಟೀಸ್ ಎಂಬ ಹೊಳೆಯ ದಂಡೆಯ ಮೇಲೆ ಬಾರ್ನಾರ್ಡ್ ಕ್ಯಾಸಲ್ ಅಂತ ಒಂದು ಪುಟ್ಟ ಊರು. ಹಳೆಯ ಕಾಲದ ಕೋಟೆಯೊಂದು ಪಾಳುಬಿದ್ದು ನಿಂತಿದೆ, ಅದರಿಂದಲೇ ಊರಿಗೆ ಆ ಹೆಸರು. ಕೋಟೆಯ ಕೆಳಗೆ, ಹೊಳೆಯ ಪಕ್ಕದಲ್ಲಿ ಬ್ರಿಡ್ಜ್‌ಗೇಟ್ ಎಂಬ ಬೀದಿ. ಒಂದು ಕಾಲಕ್ಕೆ ಅಲ್ಲಿ ಜಮಖಾನೆ ನೇಯುವ ಕಾರ್ಖಾನೆಗಳಿದ್ದವು. ಕೂಲಿ ಮಾಡುವವರು, ಕೈಕಸುಬಿನವರು ವಾಸವಾಗಿದ್ದ ಬೀದಿ ಅದು. ಅದೇ ಬೀದಿಯಲ್ಲಿ ಮಾರ್ಗರೆಟ್ ಸ್ಮಿತ್ ಎಂಬ ತಾಯಿಯ ಸಂಸಾರ. ಆಕೆಯ ಆರು ಜನ ಗಂಡುಮಕ್ಕಳು ಸಿಪಾಯಿಗಳಾಗಿ ಯುದ್ಧಕ್ಕೆ ಹೋದರು.

ಒಂದೇ ಮನೆಯಿಂದ ಆರು ಜನವೇ ಅಂತ ನಿಮಗೆ ಅನಿಸಬಹುದು. ಅದು ಹೇಗೆಂದು ತಿಳಿಯಬೇಕಾದರೆ ಆಗಿನ ಕಾಲ ತಿಳಿಯಬೇಕು.

1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಬ್ರಿಟನ್ನಿನ ಸೈನ್ಯ ಆಗ ಚಿಕ್ಕದು. ಯುದ್ಧಮಂತ್ರಿ ಲಾರ್ಡ್ ಕಿಚನರ್ ಲಕ್ಷಗಟ್ಟಲೆ ಯುವಕರು ಬೇಕು ಅಂತ ಕರೆ ಕೊಟ್ಟರು. ಗೋಡೆಗೋಡೆಯ ಮೇಲೆ ಪೋಸ್ಟರು. ಒಂದೇ ಊರಿನವರು, ಒಂದೇ ಕಾರ್ಖಾನೆಯವರು, ಒಂದೇ ಆಟದ ಕ್ಲಬ್ಬಿನವರು ಒಟ್ಟಿಗೆ ಸೇರಿದರೆ ಒಂದೇ ಪಡೆಯಲ್ಲಿ ಜೊತೆಯಾಗಿ ಇರಬಹುದು ಅಂತಲೂ ಹೇಳಿದರು. ಅಂಥ ಪಡೆಗಳಿಗೆ 'ಪಾಲ್ಸ್' ಅಂದರೆ ಗೆಳೆಯರ ಪಡೆ ಅಂತಲೇ ಹೆಸರು ಬಿತ್ತು. ಗೆಳೆಯ ಹೋದ, ನಾನೂ ಹೋಗುತ್ತೇನೆ. ಅಣ್ಣ ಹೋದ, ನಾನು ಮನೆಯಲ್ಲಿ ಕೂತರೆ ಹೇಗೆ? ಊಟ ಬಟ್ಟೆ ಸಂಬಳ ಸಿಗುತ್ತದೆ, ಕ್ರಿಸ್‌ಮಸ್ ಹೊತ್ತಿಗೆ ಮನೆಗೆ ವಾಪಸ್ಸು ಅಂತ ನಂಬಿ ಹೋದವರೂ ಬಹಳ. ಆಮೇಲೆ 1916ರಲ್ಲಿ ಕಾನೂನೇ ಬಂತು. 18ರಿಂದ 41 ವರ್ಷದೊಳಗಿನ ಗಂಡಸರು, ಮೊದಲು ಮದುವೆಯಾಗದವರು, ಕೆಲವು ತಿಂಗಳ ಮೇಲೆ ಮದುವೆಯಾದವರೂ, ಸೈನ್ಯಕ್ಕೆ ಸೇರಲೇಬೇಕು ಅಂತ.

ಜೊತೆಗೆ ಹೋದವರು ಜೊತೆಗೇ ಸಾಯುತ್ತಾರೆ ಅನ್ನುವುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಆಕ್ರಿಂಗ್ಟನ್ ಎಂಬ ಊರಿನ ಗೆಳೆಯರ ಪಡೆ 1916ರ ಜುಲೈ 1ರಂದು ಫ್ರಾನ್ಸಿನ ಸೊಮ್ ಎಂಬಲ್ಲಿ ದಾಳಿಗೆ ಹೊರಟಿತು. ಸುಮಾರು 700 ಮಂದಿಯಲ್ಲಿ 580ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು, ಇಲ್ಲವೇ ಕಾಣೆಯಾದರು. ಒಂದೇ ಬೆಳಿಗ್ಗೆ! ಊರಿನ ಬೀದಿಬೀದಿಯಲ್ಲೂ ಅಳು.

ಸ್ಮಿತ್ ಸಹೋದರರಲ್ಲಿ ಕೆಲವರು ತಮ್ಮ ಜಿಲ್ಲೆಯದೇ ಆದ ಡರ್ಹಾಮ್ ಲೈಟ್ ಇನ್‌ಫೆಂಟ್ರಿ ಎಂಬ ಕಾಲಾಳು ಪಡೆಯಲ್ಲಿದ್ದರು. ಮುಂದೆ ಆದದ್ದನ್ನು ನಾನು ಬಣ್ಣಿಸುವುದಿಲ್ಲ. ಮೂವತ್ತೈದು ವರ್ಷ ಲೆಡ್ಜರ್ ಬರೆದವನು ನಾನು, ತಾರೀಖಿನ ಪ್ರಕಾರ ಬರೆದುಬಿಡುತ್ತೇನೆ.

1916ರ ಸೆಪ್ಟೆಂಬರ್: ರಾಬರ್ಟ್, 22 ವರ್ಷ.
1916ರ ನವೆಂಬರ್: ಜಾರ್ಜ್ ಹೆನ್ರಿ, 26 ವರ್ಷ.
1917ರ ಜುಲೈ: ಫ್ರೆಡರಿಕ್, 21 ವರ್ಷ.
1917ರ ಅಕ್ಟೋಬರ್: ಜಾನ್ ವಿಲಿಯಂ, 37 ವರ್ಷ.
1918ರ ಜುಲೈ: ಆಲ್ಫ್ರೆಡ್, 30 ವರ್ಷ.

ಎರಡು ವರ್ಷ ತುಂಬುವುದರೊಳಗೆ ಐದು ಮಕ್ಕಳು. ಇಲ್ಲಿಗೆ ಬಂದಾಗ ನನ್ನ ಮೊಮ್ಮಗ ಬೆರಳು ಮಡಿಸಿ ಎಣಿಸುತ್ತಿದ್ದವನು ಕೈಯನ್ನು ಹಾಗೇ ಮುಷ್ಟಿ ಹಿಡಿದು ಕೂತ. ಒಂದು ಕೈಯ ಬೆರಳೆಲ್ಲ ಮುಗಿದಿತ್ತು.

ಆಗ ಸಾವಿನ ಸುದ್ದಿ ಮನೆಗೆ ಹೇಗೆ ಬರುತ್ತಿತ್ತು ಗೊತ್ತೇ? ಸತ್ತವನು ಅಧಿಕಾರಿಯಾದರೆ ಅವನ ಮನೆಗೆ ಟೆಲಿಗ್ರಾಂ ಬರುತ್ತಿತ್ತು. ಸಾಮಾನ್ಯ ಸಿಪಾಯಿಯಾದರೆ ಅಂಚೆಯಲ್ಲಿ ಒಂದು ಅಚ್ಚಾದ ಫಾರಂ. ಅದಕ್ಕೊಂದು ನಂಬರು, ಬಿ 104-82. ಹೆಸರು, ನಂಬರು, ಪಡೆ, ಸತ್ತ ದಿನ ಬರೆಯಲು ಜಾಗ ಬಿಟ್ಟಿರುತ್ತಿದ್ದರು. ಕಚೇರಿಯ ಗುಮಾಸ್ತನೊಬ್ಬ ಆ ಖಾಲಿ ಜಾಗಗಳನ್ನು ಶಾಯಿಯಲ್ಲಿ ತುಂಬಿ ಕಳಿಸುತ್ತಿದ್ದ. ನಾನೂ ಗುಮಾಸ್ತನೇ. ದಿನಕ್ಕೆ ನೂರು ಫಾರಂ ತುಂಬಿದ ದಿನಗಳೂ ಇವೆ. ಆ ಇಂಗ್ಲೆಂಡಿನ ಗುಮಾಸ್ತನ ಮುಂದೆಯೂ ಫಾರಂಗಳ ರಾಶಿ ಇದ್ದಿರಬೇಕು. 'ಸ್ಮಿತ್' ಅನ್ನುವುದು ಅಲ್ಲಿ ನಮ್ಮ ರಾಮಪ್ಪ, ಸಿದ್ದಪ್ಪನಷ್ಟೇ ಸಾಮಾನ್ಯ ಹೆಸರು. ಬ್ರಿಡ್ಜ್‌ಗೇಟ್ ಬೀದಿಯ ಇದೇ ತಾಯಿಯ ಇನ್ನೊಬ್ಬ ಮಗ ಇವನು ಅಂತ ಯಾವ ಗುಮಾಸ್ತನಿಗೆ ಹೊಳೆದೀತು? ಲೆಕ್ಕ ಇಟ್ಟವಳು ಆ ತಾಯಿ ಒಬ್ಬಳೇ.

ಉಳಿದವನು ಆರನೆಯವನು, ಎಲ್ಲರಿಗಿಂತ ಕಿರಿಯ. ಹೆಸರು ವಿಲ್ಫ್ರೆಡ್. ವಯಸ್ಸು ಇಪ್ಪತ್ತರ ಆಸುಪಾಸು. ಅವನೂ ಫ್ರಾನ್ಸಿನ ಕಡೆಯೇ ಇದ್ದ.

ಕಾಲದ ಅಂದಾಜಿಗೆ ಒಂದು ಮಾತು. ಅದೇ 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಜೋಧಪುರದವರ ಜೊತೆ ಸೇರಿ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದದ್ದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ, ಆ ಕಡೆ ಹೋದಾಗ ನೋಡಿ. ಆ ಯುದ್ಧಕ್ಕೆ ನಮ್ಮ ದೇಶದಿಂದ 13 ಲಕ್ಷಕ್ಕೂ ಹೆಚ್ಚು ಜನ ಹೋಗಿ, ಸುಮಾರು 74,000 ಮಂದಿ ಹಿಂತಿರುಗಲೇ ಇಲ್ಲ. ಮಾರ್ಗರೆಟ್ ಸ್ಮಿತ್ ಪಟ್ಟ ಸಂಕಟವನ್ನು ನಮ್ಮ ಹಳ್ಳಿಗಳ ತಾಯಂದಿರೂ ಪಟ್ಟಿದ್ದಾರೆ. ಅವರಿಗಾಗಿ ಕಾಗದ ಬರೆಯುವವರು ಇದ್ದರೋ ಇಲ್ಲವೋ.

ಬಾರ್ನಾರ್ಡ್ ಕ್ಯಾಸಲ್ಲಿನಲ್ಲಿ ಒಬ್ಬರು ಇದ್ದರು. ಆ ಊರಿನ ಚರ್ಚಿನ ಪಾದ್ರಿಯವರ ಹೆಂಡತಿ. ಆಕೆ ಮಂತ್ರಿಯಲ್ಲ, ಸೇನಾಧಿಕಾರಿಯಲ್ಲ. ಆದರೆ ಓದುಬರಹ ಚೆನ್ನಾಗಿ ಬಲ್ಲವರು, ಬೀದಿಯ ಕಷ್ಟಸುಖ ತಿಳಿದವರು. 1918ರ ಅಕ್ಟೋಬರ್ ತಿಂಗಳಲ್ಲಿ ಆಕೆ ಕೂತು ಒಂದು ಕಾಗದ ಬರೆದರು. ಯಾರಿಗೆ ಅನ್ನುತ್ತೀರಿ? ನೇರವಾಗಿ ಮಹಾರಾಣಿ ಮೇರಿಯವರಿಗೆ! ನಮ್ಮ ಊರಿನ ಈ ತಾಯಿಯ ಐದು ಮಕ್ಕಳು ಹೋದರು, ಉಳಿದಿರುವವನನ್ನಾದರೂ ಮನೆಗೆ ಕಳಿಸಿಕೊಡಬಹುದೇ, ಎಂಬುದು ಅದರ ಸಾರ.

ಆ ತಿಂಗಳೇ ಬಕಿಂಗ್‌ಹ್ಯಾಂ ಅರಮನೆಯಿಂದ ಉತ್ತರ ಬಂತು. ಐದು ಮಕ್ಕಳನ್ನು ಕಳೆದುಕೊಂಡ ಸ್ಮಿತ್ ದಂಪತಿಗಳಿಗೆ ಮಹಾರಾಣಿಯವರ ಸಂತಾಪ ತಿಳಿಸಬೇಕು, ಕಿರಿಯ ಮಗನ ಬಗ್ಗೆ ಮಾಡಿಕೊಂಡ ಬೇಡಿಕೆಯನ್ನು ಯುದ್ಧ ಇಲಾಖೆಯ ಪರಿಶೀಲನೆಗೆ ಕಳಿಸಲಾಗಿದೆ, ಎಂದು ಅದರಲ್ಲಿತ್ತು.

ಕಚೇರಿಯಲ್ಲಿ ಕೆಲಸ ಮಾಡಿದವರಿಗೆ 'ಪರಿಶೀಲನೆಗೆ ಕಳಿಸಲಾಗಿದೆ' ಅನ್ನುವ ಮಾತಿನ ಅರ್ಥ ಗೊತ್ತು. ಎಷ್ಟೋ ಅರ್ಜಿಗಳು ಆ ಮಾತಿನ ಕೆಳಗೇ ಮಲಗಿಬಿಡುತ್ತವೆ. ಈ ಕಾಗದ ಮಲಗಲಿಲ್ಲ. ವಿಲ್ಫ್ರೆಡ್‌ನನ್ನು ಮನೆಗೆ ಕಳಿಸಿದರು. ವಿಷಾನಿಲ ತಗುಲಿ ಅವನು ಬಹಳ ನಿಶ್ಶಕ್ತನಾಗಿದ್ದ, ಕೆಲಕಾಲ ಕಣ್ಣೇ ಕಾಣುತ್ತಿರಲಿಲ್ಲ. ತಾಯಿ ಆರೈಕೆ ಮಾಡಿ ಮಗನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿದಳು.

ಇಲ್ಲಿ ನನ್ನ ಮೊಮ್ಮಗ ನನ್ನನ್ನು ಹಿಡಿದುಹಾಕಿದ. ಇತಿಹಾಸದ ಪಾಠ ಅವನಿಗೆ ನೆನಪಿದೆ. "ತಾತ, 1918ರ ನವೆಂಬರ್ 11ಕ್ಕೆ ಯುದ್ಧವೇ ಮುಗೀತಲ್ಲ! ಕಾಗದ ಬರೆದದ್ದು ಅಕ್ಟೋಬರಿನಲ್ಲಿ. ಬರೆಯದಿದ್ದರೂ ಇನ್ನು ಕೆಲವೇ ವಾರಕ್ಕೆ ಅವನು ಹೇಗೂ ಬರುತ್ತಿದ್ದ!"

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ಇನ್ನೊಬ್ಬ ವಿಲ್ಫ್ರೆಡ್‌ನ ಕತೆ ಹೇಳಿದೆ.

ವಿಲ್ಫ್ರೆಡ್ ಓವನ್ ಎಂಬ ಇಂಗ್ಲಿಷ್ ಕವಿಯ ಹೆಸರನ್ನು ನಿಮ್ಮಲ್ಲಿ ಕಾಲೇಜು ಓದಿದ ಅಜ್ಜ ಅಜ್ಜಿಯರು ಕೇಳಿರಬಹುದು. ಯುದ್ಧದ ನಿಜವಾದ ಮುಖವನ್ನು ಪದ್ಯಗಳಲ್ಲಿ ಬರೆದ ಯುವಕ. ಅವನೂ ಅದೇ ಯುದ್ಧದಲ್ಲಿದ್ದ, ಅಧಿಕಾರಿಯಾಗಿ. 1918ರ ನವೆಂಬರ್ 4ರಂದು ಫ್ರಾನ್ಸಿನಲ್ಲಿ ಒಂದು ಕಾಲುವೆ ದಾಟುವ ಕಾಳಗದಲ್ಲಿ ಗುಂಡಿಗೆ ಬಲಿಯಾದ. ವಯಸ್ಸು 25. ಯುದ್ಧ ಮುಗಿಯಲು ಉಳಿದಿದ್ದದ್ದು ಬರೀ ಏಳು ದಿನ. ನವೆಂಬರ್ 11ರಂದು ಶ್ರೂಸ್‌ಬರಿ ಎಂಬ ಅವನ ಊರಿನಲ್ಲಿ ಯುದ್ಧ ಮುಗಿದ ಸಂತೋಷಕ್ಕೆ ಚರ್ಚಿನ ಗಂಟೆಗಳು ಬಾರಿಸುತ್ತಿದ್ದಾಗ ಅವನ ತಂದೆ ತಾಯಿಯ ಕೈಗೆ ಟೆಲಿಗ್ರಾಂ ಬಂತು.

ಆ ತಾಯಿಯೂ ಒಂದು ಕಾಗದ ಬರೆದಳು. ಎರಡು ವರ್ಷದ ಮೇಲೆ, 1920ರಲ್ಲಿ, ನಮ್ಮ ರವೀಂದ್ರನಾಥ ಠಾಕೂರರಿಗೆ. ಕೊನೆಯ ಸಲ ಮನೆಯಿಂದ ಹೊರಡುವಾಗ ಮಗ ಠಾಕೂರರ ಸಾಲುಗಳನ್ನು ಹೇಳಿ ಬೀಳ್ಕೊಂಡಿದ್ದ. ಅವನ ಜೇಬಿನ ಪುಸ್ತಕ ಮನೆಗೆ ಬಂದಾಗ ಅದರಲ್ಲಿಯೂ ಆ ಸಾಲುಗಳು ಅವನ ಕೈಬರಹದಲ್ಲಿದ್ದವು. ಅದನ್ನು ತಿಳಿಸಿ, ಆ ಕವಿತೆ ಪೂರ್ತಿಯಾಗಿ ಯಾವ ಪುಸ್ತಕದಲ್ಲಿದೆ ಎಂದು ಕೇಳಿ ಬರೆದ ಕಾಗದ ಅದು.

"ಈಗ ಹೇಳಪ್ಪ, ಕೆಲವೇ ವಾರ ಅಂದೆಯಲ್ಲ, ಅದು ಚಿಕ್ಕದೋ ದೊಡ್ಡದೋ?" ಅಂದೆ. ಅವನು ಮಾತಾಡಲಿಲ್ಲ. ಅಕ್ಟೋಬರಿನಲ್ಲಿ ಕೂತು ಬರೆಯುವವರಿಗೆ ನವೆಂಬರ್ 11 ಅನ್ನುವ ತಾರೀಖು ಗೊತ್ತಿರುವುದಿಲ್ಲ ಮಕ್ಕಳೇ. ಅದು ನಮಗೆ ಪಾಠದ ಪುಸ್ತಕದಿಂದ ಗೊತ್ತು.

ಯುದ್ಧ ಮುಗಿದ ಮೇಲೆ ಸತ್ತ ಪ್ರತಿಯೊಬ್ಬನ ಮನೆಗೂ ಸರ್ಕಾರ ಒಂದು ಕಂಚಿನ ಬಿಲ್ಲೆ ಕಳಿಸಿತು. ಅಂಗೈಗಿಂತ ದೊಡ್ಡದು, ಸುಮಾರು 12 ಸೆಂಟಿಮೀಟರ್ ಅಗಲ. ಸತ್ತವನ ಹೆಸರು ಮಾತ್ರ ಅದರ ಮೇಲೆ. ಅಧಿಕಾರಿಯೋ ಸಿಪಾಯಿಯೋ ಅನ್ನುವುದನ್ನು ಬೇಕೆಂದೇ ಬರೆಯಲಿಲ್ಲ, ಸಾವಿನಲ್ಲಿ ಎಲ್ಲರೂ ಒಂದೇ ಅಂತ. ಹತ್ತು ಲಕ್ಷಕ್ಕೂ ಹೆಚ್ಚು ಬಿಲ್ಲೆಗಳನ್ನು ಎರಕ ಹೊಯ್ದರು. ಜನ ಅದಕ್ಕೆ ಇಟ್ಟ ಹೆಸರು 'ಸತ್ತವನ ಪೆನ್ನಿ'. ಪೆನ್ನಿ ಅಂದರೆ ಅಲ್ಲಿಯ ಕಾಸು. ಸಾವಿನ ಸುದ್ದಿ ಕಳಿಸುವಾಗ ಫಾರಂ ಬೇರೆ, ಟೆಲಿಗ್ರಾಂ ಬೇರೆ ಮಾಡಿದವರು ಕಂಚಿನಲ್ಲಾದರೂ ಸಮಾನತೆ ತಂದರಲ್ಲ ಅಂದುಕೊಳ್ಳಬೇಕು.

ಬಾರ್ನಾರ್ಡ್ ಕ್ಯಾಸಲ್ಲಿನಲ್ಲಿ ಬೋವ್ಸ್ ಮ್ಯೂಸಿಯಂ ಅಂತ ಅರಮನೆಯಂಥ ಒಂದು ದೊಡ್ಡ ವಸ್ತುಸಂಗ್ರಹಾಲಯ ಇದೆ. ಅದರೊಳಗೆ ಬೆಳ್ಳಿಯ ಹಂಸವೊಂದಿದೆ. 18ನೇ ಶತಮಾನದಲ್ಲಿ ಮಾಡಿದ್ದು. ಕೀಲಿ ಕೊಟ್ಟರೆ ಕತ್ತು ಬಗ್ಗಿಸಿ, ಬೆಳ್ಳಿಯ ಮೀನು ಹಿಡಿದಂತೆ ಮಾಡುತ್ತದೆ. ಮಕ್ಕಳು ಬಾಯಿಬಿಟ್ಟುಕೊಂಡು ನೋಡುತ್ತಾರೆ. ಅದೇ ಮ್ಯೂಸಿಯಮ್ಮಿನ ತೋಟದಲ್ಲಿ ಊರಿನ ಯುದ್ಧ ಸ್ಮಾರಕ. 1923ರಲ್ಲಿ ಅದು ಅನಾವರಣವಾದಾಗ ಮೊದಲ ಹೂಮಾಲೆ ಇಡಲು ಊರಿನವರು ಕರೆದದ್ದು ದೊಡ್ಡ ಮನುಷ್ಯರನ್ನಲ್ಲ, ಮಾರ್ಗರೆಟ್ ಸ್ಮಿತ್‌ರನ್ನು. ಆ ಕಲ್ಲಿನಲ್ಲಿ ಆಕೆಯ ಐದು ಮಕ್ಕಳ ಹೆಸರಿತ್ತು. ಆರನೆಯ ಹೆಸರು ಇರಲಿಲ್ಲ.

ವಿಲ್ಫ್ರೆಡ್ ಕಲ್ಲುಕೆಲಸ ಮಾಡಿದ. ಆಮೇಲೆ ಚಿಮಣಿ ಗುಡಿಸುವ ಕೆಲಸಕ್ಕೆ ಇಳಿದ. ಚಳಿ ದೇಶವಲ್ಲವೇ, ಮನೆಮನೆಯಲ್ಲೂ ಕಲ್ಲಿದ್ದಲ ಒಲೆ. ಹೊಗೆ ಹೋಗುವ ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ಬೆಂಕಿ ಹತ್ತುತ್ತದೆ, ಅದನ್ನು ಉದ್ದನೆಯ ಬ್ರಷ್ಷಿನಿಂದ ತೆಗೆಯಬೇಕು. ಮೈಕೈ ಮಸಿಯಾಗುವ ಕೆಲಸ. ಮದುವೆಯಾದ, ಮಕ್ಕಳು ಮೊಮ್ಮಕ್ಕಳನ್ನು ಕಂಡ. ಪ್ರಸಿದ್ಧನೇನೂ ಆಗಲಿಲ್ಲ. ಎಪ್ಪತ್ತು ದಾಟಿ, 1972ರಲ್ಲಿ ತೀರಿಕೊಂಡ. ಆ ವರ್ಷ ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದೆ. ಒಂದು ಕಾಗದದಿಂದ ಒಬ್ಬ ಸಿಪಾಯಿಗೆ ಸಿಕ್ಕಿದ್ದು ಐವತ್ತಕ್ಕೂ ಹೆಚ್ಚು ವರ್ಷಗಳ ಸಾಧಾರಣ ಬದುಕು. ಅದಕ್ಕಿಂತ ದೊಡ್ಡ ಬಹುಮಾನ ಯಾವುದಿದೆ?

ಮೊಮ್ಮಗ ಮಲಗಲು ಹೋದ. ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ನಿಮಗೆ ಹೇಳಿಬಿಡುತ್ತೇನೆ. ಪಾದ್ರಿಯವರ ಹೆಂಡತಿಯನ್ನು ಹೊಗಳಿ ಕತೆ ಹೇಳಿದವನು ತನ್ನ ಪುಟವನ್ನೂ ತೆರೆದು ತೋರಿಸಬೇಕು.

1970ರ ದಶಕದ ಮಾತು. ಹಾಸನ ಜಿಲ್ಲೆಯ ಒಂದು ಹೋಬಳಿ ಊರಿನ ಶಾಖೆಯಲ್ಲಿದ್ದೆ. ತಿಂಗಳಿಗೊಮ್ಮೆ ಒಬ್ಬ ತಾಯಿ ಬರುತ್ತಿದ್ದರು. ಗಂಡ ಇಲ್ಲ. ದೊಡ್ಡ ಮಗ ಎಪ್ಪತ್ತೊಂದರ ಯುದ್ಧದಲ್ಲಿ ಹೋಗಿದ್ದ. ಚಿಕ್ಕವನೂ ಮಿಲಿಟರಿಯಲ್ಲೇ ಇದ್ದ, ಅವನು ಕಳಿಸಿದ ದುಡ್ಡು ಖಾತೆಗೆ ಬೀಳುತ್ತಿತ್ತು. ವಿತ್‌ಡ್ರಾವಲ್ ಸ್ಲಿಪ್ಪು ನಾನೇ ತುಂಬುತ್ತಿದ್ದೆ, ಅವರು ಹೆಬ್ಬೆಟ್ಟು ಒತ್ತುತ್ತಿದ್ದರು.

ಒಂದು ದಿನ ದುಡ್ಡು ಸೆರಗಿಗೆ ಗಂಟು ಹಾಕಿಕೊಂಡ ಮೇಲೂ ಕೌಂಟರಿನ ಮುಂದೆ ನಿಂತೇ ಇದ್ದರು. "ಸ್ವಾಮಿ, ಒಂದು ಕಾಗದ ಬರ್ಕೊಡ್ತೀರಾ? ಚಿಕ್ಕೋನ್ನ ಎಲ್ಲಾದ್ರೂ ಹತ್ರಕ್ಕೆ ಹಾಕಿ ಅಂತ ಅವ್ರ ಸಾಹೇಬ್ರಿಗೆ. ಇರೋನು ಅವನೊಬ್ನೇಯ."

ಜೂನ್ ತಿಂಗಳ ಕೊನೆ. ಅರ್ಧ ವರ್ಷದ ಕ್ಲೋಸಿಂಗ್. ಬಡ್ಡಿಯ ಲೆಕ್ಕವೆಲ್ಲ ಕೈಯಲ್ಲೇ ಹಾಕಬೇಕು, ರಾತ್ರಿ ಒಂಬತ್ತಾದರೂ ಟ್ಯಾಲಿ ಆಗುತ್ತಿರಲಿಲ್ಲ. ನಾನು ತಲೆ ಎತ್ತದೆ ಹೇಳಿದೆ: "ನಿಮ್ಮ ಕಾಗದ ದೊಡ್ಡ ಸಾಹೇಬರು ಓದ್ತಾರಾ ಅವ್ವಾ? ಕ್ಲೋಸಿಂಗ್ ಮುಗೀಲಿ, ಮುಂದಿನ ತಿಂಗಳು ಬನ್ನಿ, ನೋಡೋಣ."

ಮುಂದಿನ ತಿಂಗಳು ಅವರು ಬಂದರು. ಸ್ಲಿಪ್ಪಿಗೆ ಹೆಬ್ಬೆಟ್ಟು ಒತ್ತಿದರು, ಹೋದರು. ಕಾಗದದ ಮಾತು ಎತ್ತಲಿಲ್ಲ. ನನಗೆ ನೆನಪಿತ್ತು. ಆದರೂ ನಾನಾಗಿ ಕೇಳಲಿಲ್ಲ. ಅವರೇ ಮರೆತಿದ್ದಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಾಯಿ ಮರೆಯುತ್ತಾಳೆಯೇ? ನನ್ನ ಹತ್ತಿರ ಇನ್ನು ಕೇಳಬಾರದು ಅಂತ ತೀರ್ಮಾನಿಸಿದ್ದರು, ಅಷ್ಟೇ.

ಆಮೇಲೆ ತಿಳಿಯಿತು, ಆ ಊರಿನ ಪ್ರೈಮರಿ ಶಾಲೆಯ ಮೇಷ್ಟ್ರು ಬರೆದುಕೊಟ್ಟರಂತೆ. ಅದಕ್ಕೆ ಉತ್ತರ ಬಂತೋ ಇಲ್ಲವೋ, ಕೇಳುವ ಮುಖ ನನಗಿರಲಿಲ್ಲ. ಹುಡುಗನಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಮಾರನೇ ವರ್ಷ ರಜೆಯಲ್ಲಿ ಬಂದವನು ತಾಯಿಯ ಪಾಸ್‌ಬುಕ್ ಹಿಡಿದು ಕೌಂಟರಿಗೆ ಬಂದ. ಎತ್ತರದ ಆಳು. ಕೈ ಮುಗಿದು, "ನಮ್ಮವ್ವ ನಿಮ್ಮ ಸುದ್ದಿ ಹೇಳ್ತಿರ್ತಾರೆ ಸಾರ್, ಪ್ರತಿ ಸಲ ಸ್ಲಿಪ್ಪು ಬರ್ಕೊಡ್ತೀರಂತೆ" ಅಂದ. ಆ ತಾಯಿ ಮಗನಿಗೆ ನಾನು ಬರೆದದ್ದನ್ನು ಮಾತ್ರ ಹೇಳಿದ್ದರು. ಬರೆಯದೆ ಬಿಟ್ಟದ್ದನ್ನು ಹೇಳಿರಲಿಲ್ಲ.

ಅವತ್ತಿನಿಂದ ರಿಟೈರ್ ಆಗುವವರೆಗೂ ಕೌಂಟರಿನ ಡ್ರಾಯರಿನಲ್ಲಿ ನಾಲ್ಕು ಇನ್‌ಲ್ಯಾಂಡ್ ಲೆಟರ್ ಇಟ್ಟುಕೊಂಡಿರುತ್ತಿದ್ದೆ. ಯಾರು ಕೇಳಿದರೂ, ಕ್ಲೋಸಿಂಗ್ ಇರಲಿ ಆಡಿಟ್ ಇರಲಿ, ಊಟದ ಹೊತ್ತಿನಲ್ಲಾದರೂ ಬರೆದುಕೊಟ್ಟೆ. ರೇಷನ್ ಕಾರ್ಡಿಗೆ, ವಿಧವಾ ವೇತನಕ್ಕೆ, ಬೊಂಬಾಯಿಗೆ ಹೋಗಿ ಸುದ್ದಿಯೇ ಕೊಡದ ಮಗನಿಗೆ. ಎಷ್ಟಕ್ಕೆ ಉತ್ತರ ಬಂತೋ ಗೊತ್ತಿಲ್ಲ. ಆ ಮೊದಲನೆಯ ಕಾಗದ ಮಾತ್ರ ನನ್ನ ಲೆಕ್ಕದಲ್ಲಿ ಇವತ್ತಿಗೂ ಬಾಕಿ.

ಮಕ್ಕಳೇ, ನಿಮಗೆ ಓದಲು ಬರೆಯಲು ಬರುತ್ತದೆ, ಫೋನಿನಲ್ಲಿ ಅರ್ಜಿ ತುಂಬಲು ಬರುತ್ತದೆ. ನಿಮ್ಮ ಬೀದಿಯಲ್ಲಿ ಅದು ಬಾರದವರು ಇದ್ದೇ ಇದ್ದಾರೆ. ಹೂ ಮಾರುವ ಅಜ್ಜಿ ಇರಬಹುದು, ಪಕ್ಕದ ಮನೆಯ ಕೆಲಸದಮ್ಮ ಇರಬಹುದು. ಅವರು ಒಂದು ಫಾರಂ ಹಿಡಿದು ಹಿಂಜರಿಯುತ್ತ ನಿಂತಾಗ 'ಆಮೇಲೆ' ಅನ್ನಬೇಡಿ. ಅಜ್ಜ ಅಜ್ಜಿಯರಿಗೂ ಒಂದು ಮಾತು: ನಿಮಗಾಗಿ ಯಾರಾದರೂ ಹಾಗೆ ಒಂದು ಕಾಗದ ಬರೆದುಕೊಟ್ಟಿದ್ದರೆ, ಈ ಭಾನುವಾರ ಅವರ ಹೆಸರನ್ನು ಮೊಮ್ಮಕ್ಕಳಿಗೆ ಹೇಳಿ.

ಬೆಳಿಗ್ಗೆ ಎದ್ದು ನೋಡಿದರೆ ನನ್ನ ಮೊಮ್ಮಗ ಎದುರು ಮನೆಯ ಅಜ್ಜಿಯ ಗ್ಯಾಸ್ ಪುಸ್ತಕ ಹಿಡಿದು ಅವರ ಜಗಲಿಯಲ್ಲಿ ಕೂತಿದ್ದ. ನಾನು ಏನೂ ಕೇಳಲಿಲ್ಲ.